ಬೀಡಿಯಂಥ ವೈರಸ್‌ಗೆ ಔಷಧಿ ತುಂಬುವುದು ಹೇಗೆ

ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಬಂಟ್ವಾಳದ ಕಡೆ ನಮ್ಮ ಮನೆ. ಜಗಲಿಯಲ್ಲಿ ಕೂತು, ತಡ್ಪೆ (ಮೊರ) ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ಹಾಕಿ, ಸುರುಟಿ, ನೂಲು ಸುತ್ತುತ್ತಿದ್ದರು. ಕಟ್ಟಿದ್ದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಒಬ್ಬರು ಕಟ್ಟು ಬಿಡಿಸಿ ನೋಡುತ್ತಿದ್ದರು. ಸಡಿಲ ಇದ್ದದ್ದು, ಎಲೆ ಹರಿದದ್ದು ಬದಿಗೆ. ಕೂಲಿ ಸಾವಿರಕ್ಕೆ ಇಷ್ಟು ಅಂತ. ಬದಿಗೆ ಹೋದದ್ದಕ್ಕೆ ಏನೂ ಇಲ್ಲ. ಚಿಕ್ಕವಳಿದ್ದಾಗ ಆ ನೋಡುವವರ ಮೇಲೆ ನನಗೆ ಭಾರೀ ಸಿಟ್ಟಿತ್ತು.

ಈಗ ಮಂಗಳೂರಿನ ಹೊರಗಿನ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ನಾನು ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಬೀಡಿ ಬಹಳ ಸಣ್ಣದು, ಅಷ್ಟೆ. ಹೊಗೆಸೊಪ್ಪಿನ ಗಿಡಕ್ಕೆ ಬರುವ ಟೊಬ್ಯಾಕೊ ಮೊಸಾಯಿಕ್ ವೈರಸ್, ಅಂದರೆ ಟಿಎಂವಿ, ಒಂದು ಟೊಳ್ಳು ಕಡ್ಡಿ. ಉದ್ದ 300 ನ್ಯಾನೋಮೀಟರ್, ದಪ್ಪ 18. ನಡುವೆ 4 ನ್ಯಾನೋಮೀಟರ್ ಅಗಲದ ತೂತು. ತಲೆಗೆ ಬಾಲ ಹಚ್ಚಿ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ ಮೂರು ಸಾವಿರದ ಮೇಲೆ ಹಿಡಿಯುತ್ತದೆ. ಆ ತೂತಿಗೆ ಕ್ಯಾನ್ಸರ್ ಔಷಧಿ ತುಂಬುವುದು ನಮ್ಮ ಕೆಲಸ.

ಪ್ರತಿ ವರ್ಷ ಎಂ.ಎಸ್ಸಿ. ಮಕ್ಕಳು ಪ್ರಾಜೆಕ್ಟ್‌ಗೆ ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, "ಅಕ್ಕಾ, ಇದರೊಳಗೆ ಔಷಧಿ ತುಂಬುವುದು ಹೇಗೆ?" ತುಂಬುವುದು ಸುಲಭ ಮಾರಾಯ್ರೇ, ಎರಡನ್ನೂ ಬೆರೆಸಿ ರಾತ್ರಿ ಇಟ್ಟರೆ ಆಯಿತು. ಒಳಗೆ ಹೋಗಿದೆಯಾ, ಇಲ್ಲ ಹೊರಗೆ ಅಂಟಿ ಕೂತಿದೆಯಾ ಅಂತ ಕಂಡುಹಿಡಿಯುವುದೇ ಕಷ್ಟ. ಬ್ರಾಂಚಿನಲ್ಲಿ ಕೂತು ನೋಡುತ್ತಿದ್ದವರ ಕೆಲಸ ಅದು. ಈ ಬರಹದಲ್ಲಿ ಅದಕ್ಕೂ ಬರುತ್ತೇನೆ.

ಮೊದಲು ಹೆದರಿಕೆಯ ವಿಷಯ ಮುಗಿಸೋಣ. "ವೈರಸ್‌ನ್ನು ಮೈಗೆ ಚುಚ್ಚುವುದಾ?" ಅಂತ ನಮ್ಮ ಮನೆಯಲ್ಲೂ ಕೇಳಿದ್ದರು. ಕೋವಿಶೀಲ್ಡ್ ಹಾಕಿಸಿಕೊಂಡವರು ಒಮ್ಮೆ ಇದನ್ನು ಮಾಡಿಸಿಕೊಂಡೇ ಇದ್ದಾರೆ. ಅದರಲ್ಲಿದ್ದದ್ದು ಚಿಂಪಾಂಜಿಯ ಅಡೆನೊವೈರಸ್. ಅದು ನಮ್ಮೊಳಗೆ ಹೆಚ್ಚದ ಹಾಗೆ ಮಾಡಿ, ಕೊರೋನಾದ ಸ್ಪೈಕ್ ಪ್ರೋಟೀನಿನ ಜೀನನ್ನು ಅದರ ಮೇಲೆ ಹೇರಿ ಕಳಿಸಿದ್ದರು. ಮಕ್ಕಳಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯಲ್ಲಿ ಇರುವುದು ವೈರಸ್‌ನ ಬರೀ ಚಿಪ್ಪು, ಒಳಗೆ ಏನೂ ಇಲ್ಲ. ಗಿಡದ ವೈರಸ್ ಇನ್ನೂ ಸಾಧು. ಅದಕ್ಕೆ ನಮ್ಮ ಜೀವಕೋಶದಲ್ಲಿ ಮರಿ ಹಾಕಲು ಬರುವುದಿಲ್ಲ. ಮೆಣಸಿನಲ್ಲಿ ಇರುವ ಟಿಎಂವಿಯ ಒಂದು ದಾಯಾದಿ ವೈರಸ್ ಮನುಷ್ಯರ ಮಲದಲ್ಲಿ ಎಷ್ಟು ಸಿಗುತ್ತದೆ ಅಂದರೆ, ನೀರಿಗೆ ಕೊಳಚೆ ಸೇರಿದೆಯಾ ಅಂತ ನೋಡಲು ಅದನ್ನೇ ಗುರುತಾಗಿ ಬಳಸುತ್ತಾರೆ. ತಿಂದು, ಹೊರಗೆ ಹಾಕಿ, ನಾವು ಸುಮ್ನೆ ಇದ್ದೇವೆ ಅಲ್ವಾ?

ಆದರೆ ತಿನ್ನುವುದು ಬೇರೆ, ರಕ್ತಕ್ಕೆ ಹೋಗುವುದು ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಯಾವ ವೈರಸ್ ಆರಿಸಬೇಕು? ಮುಖ್ಯವಾಗಿ ಎರಡು ನಮೂನೆ ಉಂಟು. ಕಡ್ಡಿಯ ಹಾಗಿರುವುದು, ಉಂಡೆಯ ಹಾಗಿರುವುದು. ಉಂಡೆ ಅಂದರೆ ನಮ್ಮ ಕಡೆಯ ಅಕ್ಕಿಮುಡಿ ನೆನಪು ಮಾಡಿಕೊಳ್ಳಿ. ಬೈಹುಲ್ಲನ್ನು ಸುತ್ತಿ ಬಿಗಿದ ದುಂಡು ಕಟ್ಟು, ಒಳಗೆ ಅಕ್ಕಿ. ಅಲಸಂಡೆಗೆ ಬರುವ ಎರಡು ವೈರಸ್‌ಗಳು ಹೀಗಿವೆ, ಎರಡೂ ಸುಮಾರು 30 ನ್ಯಾನೋಮೀಟರ್. ಅದರಲ್ಲಿ ಒಂದು, ಸಿಸಿಎಂವಿ, ಬಿಚ್ಚಿ ಕಟ್ಟಲು ಬರುವ ಮುಡಿ. ಹುಳಿ ಕಡಿಮೆ ಮಾಡಿ ಉಪ್ಪು ಜಾಸ್ತಿ ಮಾಡಿದರೆ ಅದರ 180 ಪ್ರೋಟೀನುಗಳು ಬಿಡಿಬಿಡಿಯಾಗುತ್ತವೆ. ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟು ಹುಳಿ ಜಾಸ್ತಿ) 5ರ ಹತ್ತಿರ ತಂದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳುವಾಗ ಹತ್ತಿರ ಇದ್ದದ್ದು ಒಳಗೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ವಿಜ್ಞಾನಿಗಳಾದ ಟ್ರೆವರ್ ಡಗ್ಲಸ್ ಮತ್ತು ಮಾರ್ಕ್ ಯಂಗ್ 1998ರಲ್ಲಿ ಈ ಪಂಜರದೊಳಗೆ ಬೇರೆ ವಸ್ತು ಕೂರಿಸಿ ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಜೀವ ಬಂತು. ಇನ್ನೊಂದು, ಸಿಪಿಎಂವಿ, ಗಟ್ಟಿ ಮುಡಿ. 60 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟರೂ ಜಗ್ಗುವುದಿಲ್ಲ.

ಚಂದ ಏನೋ ಚಂದವೇ. ಆದರೂ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಟಿಎಂವಿ. ಎಲೆಯಲ್ಲಿ ಧಾರಾಳ ಬೆಳೆಯುತ್ತದೆ, ಬಿಚ್ಚುವ ಕಟ್ಟುವ ರಗಳೆ ಇಲ್ಲ, ತೂತಿನ ಎರಡು ಬಾಯಿಯೂ ತೆರೆದಿರುತ್ತದೆ. ಮತ್ತೆ ಅದರ ಬಗ್ಗೆ ಗೊತ್ತಿರುವಷ್ಟು ಬೇರೆ ಯಾವುದರ ಬಗ್ಗೆಯೂ ಗೊತ್ತಿಲ್ಲ. 1898ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಏನೋ ಅಂದದ್ದು ಇದನ್ನು ನೋಡಿಯೇ. 1935ರಲ್ಲಿ ಅಮೆರಿಕದ ವಿಜ್ಞಾನಿ ಸ್ಟಾನ್ಲಿ ಇದನ್ನು ಹರಳು ಮಾಡಿದರು, 1946ರಲ್ಲಿ ನೊಬೆಲ್ ಬಂತು.

ಇದನ್ನು ಕಟ್ಟಿರುವ ರೀತಿ ನೋಡಿದರೆ ಅಮ್ಮ ಮೆಚ್ಚಬೇಕು. ಒಂದೇ ತರದ ಪ್ರೋಟೀನು 2130 ಸಲ, ಸುರುಳಿಯಾಗಿ, ಮೂರು ಸುತ್ತಿಗೆ 49ರ ಲೆಕ್ಕದಲ್ಲಿ. ಆ ಸುತ್ತುಗಳ ಸಂದಿಯಲ್ಲಿ ಆರ್‌ಎನ್‌ಎ (ವೈರಸ್‌ನ ಜೀನುಗಳಿರುವ ಎಳೆ) ನೂಲಿನ ಹಾಗೆ ಹೋಗಿರುತ್ತದೆ. ಬೀಡಿಯಲ್ಲಿ ನೂಲು ಹೊರಗೆ, ಇದರಲ್ಲಿ ಗೋಡೆಯ ಒಳಗೆ. ನಡುವಿನ ತೂತು ಮಾತ್ರ ಖಾಲಿ. ಆ ತೂತಿನ ಗೋಡೆಯಲ್ಲಿ ಗ್ಲುಟಾಮಿಕ್ ಆಮ್ಲಗಳು ಸಾಲಾಗಿ ನಿಂತಿವೆ, ಅವುಗಳ ಚಾರ್ಜು ಋಣ. ಹಾಗಾಗಿ ಧನ ಚಾರ್ಜು ಇರುವ ಔಷಧಿ ತಾನಾಗಿ ಒಳಗೆ ಎಳೆದುಕೊಂಡು ಹೋಗಿ ಕೂರುತ್ತದೆ. ಎಲ್ಲ ಔಷಧಿಗೂ ಇದು ಆಗುವುದಿಲ್ಲ. ಚಾರ್ಜಿಲ್ಲದ, ಎಣ್ಣೆಯಂಥ ಔಷಧಿ ತಂದು "ಅಕ್ಕಾ, ಇದು ಕೂರುವುದಿಲ್ಲ" ಅಂದರೆ ನಾನು ಎಂತ ಮಾಡಲಿ?

ಗಿಡದಿಂದ ಶುರು ಮಾಡುವ. ವೈರಸ್ ನಮ್ಮ ದೇಶದ ಒಳಗೇ ಕೇಳಿ ತನ್ನಿ. ಕೃಷಿ ವಿಶ್ವವಿದ್ಯಾಲಯಗಳ ಸಸ್ಯರೋಗ ವಿಭಾಗಗಳಲ್ಲಿ ವಿಚಾರಿಸಿ. ಹೊರದೇಶದಿಂದ ತರಿಸಲು ಹೊರಟರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಅನುಮತಿ ಬೇಕು, ಒಂದು ವರ್ಷದ ಪ್ರಾಜೆಕ್ಟ್ ಅದರಲ್ಲೇ ಮುಗಿಯುತ್ತದೆ. ವೈರಸ್‌ನ ಜೀನು ಬದಲಿಸುವ ಯೋಚನೆ ಇದ್ದರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಮೊದಲೇ ಕಾಗದ ಹಾಕಿ. ಪ್ರಾಣಿಗಳ ಮೇಲೆ ಪ್ರಯೋಗಕ್ಕೆ ಇನ್ನೊಂದು ಸಮಿತಿ. ಇದು ಯಾವುದೂ ಮನೆಯ ಅಂಗಳದಲ್ಲಿ ಮಾಡುವ ಕೆಲಸ ಅಲ್ಲ. ಅಂಗಳದ ಕತೆ ಮುಂದೆ ಉಂಟು.

ಹೊಗೆಸೊಪ್ಪಿನ ಬೀಜ ಸಾಸಿವೆಗಿಂತಲೂ ಸಣ್ಣದು. ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ. ಮಳೆಗಾಲದಲ್ಲಿ ನಮ್ಮೂರಲ್ಲಿ ಇದನ್ನು ಬೆಳೆಸುವುದು ದೊಡ್ಡ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲದಕ್ಕೂ ಬೂಷ್ಟು. ನನ್ನ ಮೊದಲ ತಟ್ಟೆಯ ಸಸಿಗಳ ಬುಡ ಕೊಳೆತು ಒಂದೇ ವಾರದಲ್ಲಿ ಮಲಗಿದವು. ಎರಡನೆಯದನ್ನು ಬಸವನಹುಳು ತಿಂದವು. ಬಿತ್ತುವುದನ್ನು ಅಕ್ಟೋಬರಿಗೆ ಇಟ್ಟುಕೊಳ್ಳಿ, ನೀರು ಬುಡದಿಂದ ಕೊಡಿ.

ನಾಲ್ಕೈದು ಎಲೆ ಬಂದ ಮೇಲೆ ಸೋಂಕು ಹಚ್ಚುವುದು. ಎಲೆಯ ಮೇಲೆ ಕಾರ್ಬೊರಂಡಂ ಪುಡಿ ತೆಳ್ಳಗೆ ಉದುರಿಸಬೇಕು. ಗಾಜು ಉಜ್ಜಲು ಬಳಸುವಂಥ ನುಣುಪು ಪುಡಿ. ವೈರಸ್ ಇರುವ ಬಫರನ್ನು (ಪಿಎಚ್ ಬದಲಾಗದ ಹಾಗೆ ಹಿಡಿದಿಡುವ ದ್ರಾವಣ) ಕೈಗವಸಿನ ಬೆರಳಿಗೆ ಅದ್ದಿ, ಮಗುವಿನ ಕೆನ್ನೆಗೆ ಪೌಡರ್ ಹಚ್ಚಿದ ಹಾಗೆ ಹಗುರ ಉಜ್ಜಿ. ಗೀರು ಬೀಳಬೇಕು, ಎಲೆ ಹರಿಯಬಾರದು. ಐದು ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯಿರಿ. ಒಂದೆರಡು ವಾರದಲ್ಲಿ ಹೊಸ ಎಲೆಗಳಲ್ಲಿ ತಿಳಿಹಸಿರು, ಕಡುಹಸಿರು ತೇಪೆ ಕಾಣುತ್ತದೆ. ಬೆಂಡೆಗೆ ಹಳದಿ ನಂಜು ಬಂದದ್ದನ್ನು ನೋಡಿದವರಿಗೆ ಈ ಅಸ್ವಸ್ಥ ಬಣ್ಣ ಪರಿಚಯ ಇದ್ದೀತು, ವೈರಸ್ ಬೇರೆಯಾದರೂ. ಮೂರು ವಾರಕ್ಕೆ ಕೊಯ್ದು, ತೂಗಿ, ಮೈನಸ್ 80 ಫ್ರೀಜರಿಗೆ ಹಾಕಿ.

ಇಲ್ಲಿ ನನ್ನ ತಪ್ಪು ಹೇಳಲೇಬೇಕು. ಟಿಎಂವಿಯನ್ನು ಯಾವ ಹುಳವೂ ಹೊತ್ತು ತರಬೇಕಾಗಿಲ್ಲ, ಮುಟ್ಟಿದರೆ ಸಾಕು. ಕೈ, ಬಟ್ಟೆ, ಕತ್ತರಿ. ಒಣಗಿದ ಹೊಗೆಸೊಪ್ಪಿನಲ್ಲೂ ಅದು ಬದುಕಿರುತ್ತದೆ, ಅದಕ್ಕೇ ಬೀಡಿ ಸಿಗರೇಟು ಸೇದುವವರು ಟೊಮೆಟೊ ಗಿಡ ಮುಟ್ಟುವ ಮೊದಲು ಕೈ ತೊಳೆಯಬೇಕು ಅನ್ನುವುದು. ಇದೆಲ್ಲ ಓದಿ ಗೊತ್ತಿತ್ತು. ಆದರೂ ಒಂದು ಶನಿವಾರ ಗಿಡಗಳ ಕೆಲಸ ಮುಗಿಸಿ, ಅದೇ ಬಟ್ಟೆಯಲ್ಲಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಹಿಡಿದು ಮನೆಗೆ ಹೋದೆ. ಅಮ್ಮ ಕುಂಡದ ಮೆಣಸಿನ ಗಿಡದ ತುದಿ ಚಿವುಟು ಅಂದರು, ಚಿವುಟಿದೆ. ಟೊಮೆಟೊಗೆ ಕೋಲು ಕೊಟ್ಟು ಕಟ್ಟು ಅಂದರು, ಕಟ್ಟಿದೆ. ಮೂರು ವಾರ ಕಳೆದು ಹೋದಾಗ ಎರಡಕ್ಕೂ ಎಲೆ ಮುದುಡಿ ತೇಪೆ ಬಿದ್ದಿತ್ತು. ಅಮ್ಮ ಪಕ್ಕದ ಮನೆಯವರ ದೃಷ್ಟಿ ತಾಗಿದೆ ಅಂತ ಇದ್ದರು. ನಿಜ ಹೇಳಿದೆ. "ಎಂತ ಮಗಾ, ನಿನ್ನ ಕೆಲಸದಿಂದ ನನ್ನ ಮೆಣಸು ಹೋಯ್ತಾ?" ಅಂದರು. ಅಷ್ಟೇ ಅಂದದ್ದು. ಗಿಡಗಳನ್ನು ಕಿತ್ತು ಸುಟ್ಟೆವು.

ಅಂದಿನಿಂದ ಗಿಡಗಳ ಕೋಣೆಗೆ ಬೇರೆ ಕೋಟು, ಬೇರೆ ಚಪ್ಪಲಿ. ಹೊರಡುವಾಗ ಸೋಪು, ಅದರ ಮೇಲೆ ಹಾಲಿನ ಪುಡಿ ಕಲಸಿದ ನೀರಿನಲ್ಲಿ ಕೈ ಅದ್ದುವುದು. ನಗಬೇಡಿ. ಕೆನೆ ತೆಗೆದ ಹಾಲಿನ ಪ್ರೋಟೀನು ಟಿಎಂವಿಯ ಸೋಂಕನ್ನು ತಡೆಯುತ್ತದೆ, ಹಸಿರುಮನೆಯವರು ಬಹಳ ಕಾಲದಿಂದ ಮಾಡುತ್ತಾ ಬಂದದ್ದು. ಕತ್ತರಿಗೆ ಟ್ರೈಸೋಡಿಯಂ ಫಾಸ್ಫೇಟ್.

ಇನ್ನು ಎಲೆಯಿಂದ ವೈರಸ್ ತೆಗೆಯುವುದು. 100 ಗ್ರಾಂ ಎಲೆಯನ್ನು ತಣ್ಣಗಿನ ಫಾಸ್ಫೇಟ್ ಬಫರ್‌ನಲ್ಲಿ, ಪಿಎಚ್ 7ರ ಆಸುಪಾಸಿನಲ್ಲಿ, ಮಿಕ್ಸಿಗೆ ಹಾಕಿ. ಎಲೆ ಕಪ್ಪಾಗದಿರಲು ಸ್ವಲ್ಪ ಮರ್ಕ್ಯಾಪ್ಟೊಇಥೆನಾಲ್ ಸೇರಿಸುತ್ತೇವೆ. ಅದರ ನಾತ ಬಂದರಿನ ಒಣಮೀನಿನ ಗೋದಾಮನ್ನೂ ಸೋಲಿಸುತ್ತದೆ, ಫ್ಯೂಮ್ ಹುಡ್ (ಗಾಳಿಯನ್ನು ಹೊರಗೆ ಎಳೆಯುವ ಗೂಡು) ಬಿಟ್ಟು ಬೇರೆಲ್ಲೂ ಮುಚ್ಚಳ ತೆಗೆಯಬೇಡಿ. ಬಟ್ಟೆಯಲ್ಲಿ ಸೋಸಿ, ಕ್ಲೋರೋಫಾರ್ಮ್ ಮತ್ತು ಬ್ಯುಟನಾಲ್ ಸಮಸಮ ಸೇರಿಸಿ ಐಸಿನ ಮೇಲೆ ಅರ್ಧ ಗಂಟೆ ತಿರುಗಿಸಿ. ಸೆಂಟ್ರಿಫ್ಯೂಜ್ (ಗಿರ್ರನೆ ತಿರುಗಿಸಿ ಭಾರದ್ದನ್ನು ತಳಕ್ಕೆ ಇಳಿಸುವ ಯಂತ್ರ) ಮಾಡಿದರೆ ಹಸಿರೆಲ್ಲ ಕೆಳಗೆ, ಮೇಲೆ ಚಹಾ ಬಣ್ಣದ ನೀರು. ವೈರಸ್ ಆ ನೀರಿನಲ್ಲಿ.

ಅದಕ್ಕೆ ಉಪ್ಪು ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಹಾಕಿದರೆ ವೈರಸ್ ಒಟ್ಟು ಸೇರಿ ತಳ ಹಿಡಿಯುತ್ತದೆ. ನಾನು ಹಾಕುವುದು ನೂರಕ್ಕೆ 8ರ ಲೆಕ್ಕ. ಲ್ಯಾಬ್‌ನಲ್ಲಿ ಇದಕ್ಕೆ ಪೆಗ್ ಅಂತಲೇ ಹೆಸರು. ಒಮ್ಮೆ ಬಸ್ಸಿನಲ್ಲಿ ಫೋನಿನಲ್ಲಿ ಜೂನಿಯರ್ ಹುಡುಗಿಗೆ "ನಿನ್ನೆ ಪೆಗ್ ಜಾಸ್ತಿ ಆಯ್ತು, ಇವತ್ತು ಎಂಟೇ ಸಾಕು" ಅಂದೆ. ಪಕ್ಕದ ಸೀಟಿನ ಅಜ್ಜಿ ಎದ್ದು ಮುಂದೆ ಹೋದರು.

ಕೊನೆಗೆ ಸಕ್ಕರೆ ನೀರಿನ ಪದರಗಳ ಮೇಲೆ ಹಾಕಿ ಅಲ್ಟ್ರಾಸೆಂಟ್ರಿಫ್ಯೂಜ್. ಕತ್ತಲೆಯಲ್ಲಿ ಟ್ಯೂಬಿನ ಮೇಲಿನಿಂದ ಟಾರ್ಚು ಬಿಟ್ಟರೆ ನಡುವೆ ಬೆಳ್ಳಿಮೋಡದಂಥ ಒಂದು ಪಟ್ಟಿ. ಅದನ್ನು ತೆಗೆದು ಮತ್ತೆ ತಿರುಗಿಸಿದರೆ ತಳದಲ್ಲಿ ಗಾಜಿನಂಥ ಬಿಲ್ಲೆ. ಬಣ್ಣ ಇಲ್ಲದಿದ್ದರೆ ಒಳ್ಳೆಯದು, ಹಳದಿ ಇದ್ದರೆ ಗಿಡದ ಕೊಳೆ ಉಳಿದಿದೆ. ಪಿಪೆಟ್ಟಿನಿಂದ ಚುಚ್ಚಿ ಕರಗಿಸಲು ಹೋಗಬೇಡಿ, ಕಡ್ಡಿಗಳು ಮುರಿಯುತ್ತವೆ. ಬಫರ್ ಹಾಕಿ ಫ್ರಿಜ್‌ನಲ್ಲಿ ರಾತ್ರಿ ಬಿಡಿ, ತಾನೇ ಕರಗುತ್ತದೆ. ಈ ಹಂತದಲ್ಲಿ ಕರೆಂಟ್ ಹೋದರೆ ಇಡೀ ದಿನ ಹೋಯಿತು. ಸಿಡಿಲಿನ ತಿಂಗಳುಗಳಲ್ಲಿ ನಾನು ಇದನ್ನು ಬೆಳಿಗ್ಗೆಯೇ ಮುಗಿಸುತ್ತೇನೆ, ಸಂಜೆ ನಾಲ್ಕರ ಮೇಲೆ ರೋಟರ್ (ಟ್ಯೂಬುಗಳನ್ನು ಹಿಡಿದು ತಿರುಗುವ ಭಾಗ) ಮುಟ್ಟುವುದಿಲ್ಲ.

ಎಷ್ಟು ಸಿಕ್ಕಿತು? 260 ನ್ಯಾನೋಮೀಟರಿನಲ್ಲಿ ಬೆಳಕು ಹೀರುವುದನ್ನು ಅಳೆಯಿರಿ. ಮಿಲಿಲೀಟರಿಗೆ 1 ಮಿಲಿಗ್ರಾಂ ಟಿಎಂವಿ ಇದ್ದರೆ 3 ಬರುತ್ತದೆ. ಐವತ್ತು ಪಟ್ಟು ತೆಳು ಮಾಡಿ ನೋಡಿದಾಗ 0.6 ಬಂದರೆ, 0.6 ಗುಣಿಸು 50, ಭಾಗಿಸು 3, ಅಂದರೆ ಮಿಲಿಲೀಟರಿಗೆ 10 ಮಿಲಿಗ್ರಾಂ. 260ರದ್ದನ್ನು 280ರದ್ದರಿಂದ ಭಾಗಿಸಿದರೆ 1.2ರ ಹತ್ತಿರ ಇರಬೇಕು. ತುಂಬ ಆಚೀಚೆ ಇದ್ದರೆ ಮುಂದೆ ಹೋಗಬೇಡಿ, ಮತ್ತೆ ಶುದ್ಧ ಮಾಡಿ. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರೆ ಮಾಡುವ ಜೆಲ್ ಓಡಿಸಿದರೆ 17.5 ಕಿಲೋಡಾಲ್ಟನ್‌ನಲ್ಲಿ (ಡಾಲ್ಟನ್ ಅಂದರೆ ಅಣುತೂಕದ ಅಳತೆ) ಒಂದೇ ದಪ್ಪ ಗೆರೆ ಕಾಣಬೇಕು. ಕಡ್ಡಿಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲೇ ನೋಡಿ. ನಿಮ್ಮಲ್ಲಿ ಇಲ್ಲದಿದ್ದರೆ ಇರುವ ಸಂಸ್ಥೆಗೆ ಹಣ ಕಟ್ಟಿ ಕಳಿಸಿ. ಬೆಳಕು ಚದುರುವುದನ್ನು ನೋಡಿ ಗಾತ್ರ ಹೇಳುವ ಯಂತ್ರ ಎಲ್ಲವನ್ನೂ ಉಂಡೆ ಅಂದುಕೊಳ್ಳುತ್ತದೆ, ಕಡ್ಡಿಗೆ ಅದು ಕೊಡುವ ಸಂಖ್ಯೆಯನ್ನು ಉದ್ದ ಅಂತ ವರದಿಯಲ್ಲಿ ಬರೆಯಬೇಡಿ.

ಈಗ ತುಂಬುವುದು. ನಾನು ಬಳಸುವ ಔಷಧಿ ಮೈಟೊಕ್ಸಾಂಟ್ರೋನ್. ಹಳೆಯ ಕ್ಯಾನ್ಸರ್ ಔಷಧಿ, ಹೃದಯಕ್ಕೆ ತೊಂದರೆ ಕೊಡುವಂಥದ್ದು. ಹಾಗಾಗಿಯೇ ಅದನ್ನು ಗೆಡ್ಡೆಗೆ ಮಾತ್ರ ತಲುಪಿಸುವ ಆಸೆ. ಧನ ಚಾರ್ಜು ಉಂಟು, ಕಡುನೀಲಿ ಬಣ್ಣ ಉಂಟು. ಕಣ್ಣಿಗೆ ಕಾಣುವ ಔಷಧಿ ಕಲಿಯುವವರಿಗೆ ಒಳ್ಳೆಯದು. ಕ್ಯಾಲಿಫೋರ್ನಿಯಾದ ನಿಕೋಲ್ ಸ್ಟೈನ್ಮೆಟ್ಸ್ ಅವರ ತಂಡ ಒಂದು ಕಡ್ಡಿಗೆ ಸುಮಾರು ಸಾವಿರ ಅಣುಗಳಷ್ಟು ಇದನ್ನು ತುಂಬಿಸಿ ತೋರಿಸಿದೆ.

ಸಾವಿರ ಅಂದ ಕೂಡಲೇ ನನಗೆ ಬೀಡಿಯ ಕೂಲಿಯೇ ನೆನಪಾಗುವುದು. ಆದರೆ ಲೆಕ್ಕ ಮಾಡಿ ನೋಡಿ. ಒಂದು ಕಡ್ಡಿಯ ತೂಕ ಸುಮಾರು 4 ಕೋಟಿ ಡಾಲ್ಟನ್. ಔಷಧಿಯ ಒಂದು ಅಣು 444. ಸಾವಿರ ಅಣು ಸೇರಿದರೂ ನಾಲ್ಕೂವರೆ ಲಕ್ಷ. ಅಂದರೆ ತೂಕದಲ್ಲಿ ನೂರಕ್ಕೆ ಒಂದರಷ್ಟು. 1 ಮಿಲಿಗ್ರಾಂ ವೈರಸ್‌ನಲ್ಲಿ 15 ಲಕ್ಷ ಕೋಟಿ ಕಡ್ಡಿ ಇದ್ದರೂ, ಅಷ್ಟೂ ಹೊತ್ತದ್ದು 11 ಮೈಕ್ರೋಗ್ರಾಂ ಔಷಧಿ. ಬೀಡಿಯಲ್ಲಾದರೂ ಹೊಗೆಸೊಪ್ಪು ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ ಮಾರಾಯ್ರೇ. ಪ್ರಾಜೆಕ್ಟ್ ಬರೆಯುವ ಮೊದಲು ಈ ಲೆಕ್ಕ ಹಾಕದಿದ್ದರೆ, ಪ್ರಯೋಗಕ್ಕೆ ಬೇಕಾಗುವ ವೈರಸ್ ಬೆಳೆಸಲು ಎಷ್ಟು ಗಿಡ ಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಎಷ್ಟು ಹಾಕಬೇಕು? ನಾನು ಕಡ್ಡಿಗೆ ಐದು ಸಾವಿರ ಅಣುಗಳ ಲೆಕ್ಕದಲ್ಲಿ ಶುರು ಮಾಡುತ್ತೇನೆ, ಹೆಚ್ಚಾದದ್ದು ತೊಳೆದು ಹೋಗುತ್ತದೆ. 1 ಮಿಲಿಗ್ರಾಂ ವೈರಸ್‌ಗೆ ಇದು 55 ಮೈಕ್ರೋಗ್ರಾಂ. ಆದರೆ ಬಾಟಲಿಯ ಚೀಟಿ ಓದಿ. ಅಂಗಡಿಯಿಂದ ಬರುವುದು ಹೈಡ್ರೋಕ್ಲೋರೈಡ್ ಉಪ್ಪು, ಅದರ ಅಣುತೂಕ 517. ಅದನ್ನಾದರೆ 65 ಮೈಕ್ರೋಗ್ರಾಂ ಹಾಕಬೇಕು. ನನ್ನ ಮೊದಲ ಆರು ತಿಂಗಳ ಲೆಕ್ಕವೆಲ್ಲ ಇಲ್ಲಿಯೇ ತಪ್ಪಿತ್ತು. ಉಪ್ಪು ಕಡಿಮೆ ಇರುವ ಬಫರ್‌ನಲ್ಲಿ, ಪಿಎಚ್ 7ರ ಹತ್ತಿರ, ಬೆರೆಸಿ ರಾತ್ರಿ ಇಡಿ. ಉಪ್ಪು ಜಾಸ್ತಿ ಆದರೆ ಚಾರ್ಜಿನ ಸೆಳೆತ ಕಡಿಮೆಯಾಗುತ್ತದೆ. ಜೋಡಿ ಕೈಗವಸು ಹಾಕಿ, ಇದು ಬಣ್ಣ ಅಲ್ಲ, ವಿಷ. ಮೊದಲ ಎರಡು ಮೂರು ಸಲ ಔಷಧಿಯ ಬದಲು ಧನ ಚಾರ್ಜಿನ ಯಾವುದಾದರೂ ಬಣ್ಣದಲ್ಲಿ ಕೈ ಪಳಗಿಸಿಕೊಳ್ಳಿ.

ಬೆಳಿಗ್ಗೆ ಸಕ್ಕರೆ ನೀರಿನ ಮೆತ್ತೆಯ ಮೇಲೆ ಹಾಕಿ ಅಲ್ಟ್ರಾಸೆಂಟ್ರಿಫ್ಯೂಜ್ ಮಾಡಿದರೆ ಕಡ್ಡಿಗಳು ಕೆಳಗೆ, ಒಳಗೆ ಹೋಗದ ಔಷಧಿ ಮೇಲೆ. ತಳದ ಬಿಲ್ಲೆ ನೀಲಿಯಾಗಿರುತ್ತದೆ. ಎಲ್ಲರೂ ಇಲ್ಲಿ ಕುಣಿಯುತ್ತಾರೆ. ನಾನೂ ಕುಣಿದಿದ್ದೆ, ಫೋಟೋ ತೆಗೆದು ಗೈಡ್‌ಗೆ ಕಳಿಸಿದ್ದೆ. ಅವರು ವಾಪಸ್ ಕೇಳಿದ್ದು ಒಂದೇ, "ಬರೀ ಔಷಧಿ ಹಾಕಿದ ಟ್ಯೂಬ್ ಎಲ್ಲಿ?"

ಆ ಟ್ಯೂಬ್ ನಾನು ಇಟ್ಟಿರಲೇ ಇಲ್ಲ. ಔಷಧಿಯ ಅಣುಗಳು ಒಂದಕ್ಕೊಂದು ಅಂಟಿ ಗಂಟಾದರೆ ಅವೂ ತಳಕ್ಕೆ ಬೀಳುತ್ತವೆ, ಅದೂ ನೀಲಿಯೇ. ಹಾಗಾಗಿ ರೋಟರಿನಲ್ಲಿ ಯಾವಾಗಲೂ ಮೂರು ಇರಲಿ: ಬರೀ ವೈರಸ್, ಬರೀ ಔಷಧಿ, ಎರಡೂ ಸೇರಿದ್ದು. ಮರುದಿನ ಮೂರನ್ನೂ ಇಟ್ಟು ತಿರುಗಿಸಿದೆ. ಬರೀ ಔಷಧಿಯ ಟ್ಯೂಬಿನ ತಳದಲ್ಲೂ ನೀಲಿ ಇತ್ತು. ನನ್ನ ಔಷಧಿಯ ದ್ರಾವಣ ಹಳೆಯದಾಗಿ ಗಂಟು ಕಟ್ಟಿತ್ತು. ಬ್ರಾಂಚಿನಲ್ಲಿ ಅಮ್ಮನ ಕಟ್ಟು ಬಿಚ್ಚಿದಾಗ ಅವರ ಮುಖ ಹೇಗಾಗುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ಹೊಸ ದ್ರಾವಣ ಮಾಡಿ, ಬಳಸುವ ಮೊದಲು ಒಮ್ಮೆ ತಿರುಗಿಸಿ, ಮೇಲಿನದ್ದನ್ನು ಮಾತ್ರ ತೆಗೆದುಕೊಳ್ಳಿ. ಬಿಲ್ಲೆಯನ್ನು ಕರಗಿಸಿ ಮತ್ತೊಮ್ಮೆ ತೊಳೆಯಿರಿ, ಮೇಲಿನ ನೀರಿನಲ್ಲಿ ನೀಲಿ ಬರುವುದು ನಿಲ್ಲುವ ತನಕ. ಪ್ರತಿ ಸಲದ ತೊಳೆದ ನೀರನ್ನೂ ಇಟ್ಟುಕೊಂಡು ಅಳೆಯಿರಿ. ಹಾಕಿದ್ದು, ಒಳಗೆ ಉಳಿದದ್ದು, ತೊಳೆದು ಹೋದದ್ದು, ಮೂರರ ಲೆಕ್ಕ ತಾಳೆಯಾಗಬೇಕು. ತಾಳೆಯಾಗದಿದ್ದರೆ ಔಷಧಿ ಟ್ಯೂಬಿನ ಪ್ಲಾಸ್ಟಿಕ್‌ಗೆ ಅಂಟಿರಬಹುದು, ಖಾಲಿ ಟ್ಯೂಬನ್ನೂ ತೊಳೆದು ನೋಡಿ.

ಔಷಧಿಯನ್ನು 610 ನ್ಯಾನೋಮೀಟರಿನ ಆಸುಪಾಸಿನಲ್ಲಿ ಅಳೆಯುತ್ತೇವೆ. ಅಲ್ಲಿ ವೈರಸ್ ಅಡ್ಡ ಬರುವುದಿಲ್ಲ. ಆದರೆ ವೈರಸ್ ಎಷ್ಟಿದೆ ಅಂತ ನೋಡಲು 260ಕ್ಕೆ ಹೋದರೆ ಔಷಧಿ ಅಡ್ಡ ಬರುತ್ತದೆ. ಸರಿ, ಬಣ್ಣದಿಂದ ಪ್ರೋಟೀನು ಅಳೆಯುವ ಬ್ರಾಡ್‌ಫರ್ಡ್ ಪರೀಕ್ಷೆ ಮಾಡುವ ಅಂದುಕೊಂಡೆ. ಬ್ರಾಡ್‌ಫರ್ಡಿನ ಬಣ್ಣವೂ ನೀಲಿ, ಓದುವುದು 595ರಲ್ಲಿ. ನೀಲಿಯ ಮೇಲೆ ನೀಲಿ. ನನ್ನ ವೈರಸ್ ರಾತ್ರೋರಾತ್ರಿ ಹೆಚ್ಚಾಗಿದೆ ಅಂತ ಬಂತು! ಕಡೆಗೆ ಸರಿಯಾದದ್ದು ಜೆಲ್. ಗೊತ್ತಿರುವ ಪ್ರಮಾಣದ ಖಾಲಿ ವೈರಸ್‌ನ್ನು ನಾಲ್ಕೈದು ಸಾಲುಗಳಲ್ಲಿ, ಪಕ್ಕದಲ್ಲಿ ತುಂಬಿದ ವೈರಸ್. ಔಷಧಿ ಸಣ್ಣದು, ಪ್ರೋಟೀನಿನ ಗೆರೆಯ ಜೊತೆ ಬರುವುದಿಲ್ಲ. 17.5ರ ಗೆರೆಗಳ ದಪ್ಪ ಹೋಲಿಸಿದರೆ ಪ್ರಮಾಣ ಸಿಗುತ್ತದೆ. ಬಣ್ಣದ ಔಷಧಿ ಇಟ್ಟುಕೊಂಡವರು ಜೀವಕೋಶ ಸತ್ತಿದೆಯಾ ಅಂತ ಬಣ್ಣದಿಂದ ನೋಡುವ ಎಂಟಿಟಿ ಪರೀಕ್ಷೆಯಲ್ಲೂ ಇದೇ ಗುಂಡಿಗೆ ಬೀಳುತ್ತಾರೆ. ಜೀವಕೋಶ ಇಲ್ಲದ, ಔಷಧಿ ಮಾತ್ರ ಇರುವ ಕೆಲವು ಗುಳಿಗಳನ್ನು ಪ್ಲೇಟಿನಲ್ಲಿ ಬಿಟ್ಟುಕೊಳ್ಳಿ.

ಒಳಗೆ ಹೋದದ್ದು ಹೊರಗೆ ಬರಬೇಕಲ್ಲ, ಅದರ ಪರೀಕ್ಷೆ ಡಯಾಲಿಸಿಸ್. (ಇದು ಕಿಡ್ನಿಯದ್ದಲ್ಲ, ಆದರೆ ತತ್ವ ಅದೇ. ಸಣ್ಣ ತೂತಿನ ಚೀಲ, ಸಣ್ಣದು ಹೊರಗೆ ಹೋಗುತ್ತದೆ, ದೊಡ್ಡದು ಉಳಿಯುತ್ತದೆ.) 37 ಡಿಗ್ರಿಯಲ್ಲಿ ಒಂದು ಚೀಲವನ್ನು ರಕ್ತದ ಹಾಗೆ ಪಿಎಚ್ 7.4ರಲ್ಲಿ, ಇನ್ನೊಂದನ್ನು ಪಿಎಚ್ 5ರಲ್ಲಿ ಇಡಿ. ಜೀವಕೋಶ ನುಂಗಿದ ವಸ್ತು ಹೋಗಿ ಸೇರುವ ಚೀಲಗಳ ಒಳಗೆ ಹುಳಿ ಜಾಸ್ತಿ, ಅದಕ್ಕೆ 5. ಹುಳಿಯಲ್ಲಿ ಗ್ಲುಟಾಮಿಕ್ ಆಮ್ಲದ ಋಣ ಚಾರ್ಜು ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ, ಔಷಧಿ ಬೇಗ ಹೊರಬರಬೇಕು. ಇಲ್ಲೂ ಬರೀ ಔಷಧಿ ತುಂಬಿದ ಒಂದು ಚೀಲ ಬೇಕೇಬೇಕು. ಚೀಲ ದಾಟಲು ಔಷಧಿಗೇ ಎಷ್ಟು ಹೊತ್ತು ಬೇಕು ಅಂತ ಗೊತ್ತಿಲ್ಲದೆ, ನಿಧಾನ ಬಂದದ್ದಕ್ಕೆಲ್ಲ ವೈರಸ್‌ಗೆ ಶಾಭಾಸ್‌ಗಿರಿ ಕೊಟ್ಟವರನ್ನು ನೋಡಿದ್ದೇನೆ.

ಮೈಯೊಳಗಿನ ಪ್ರಯಾಣದ ಬಗ್ಗೆ ಸ್ವಲ್ಪ. ಕಡ್ಡಿ ರಕ್ತಕ್ಕೆ ಹೋದರೆ ಯಕೃತ್ತು ಮತ್ತು ಗುಲ್ಮದ ಕಾವಲು ಜೀವಕೋಶಗಳು ಬೇಗ ಹಿಡಿದು ನುಂಗುತ್ತವೆ. ತಪ್ಪಿಸಲು ಅದೇ ಪೆಗ್ಗನ್ನು ಕೂದಲಿನ ಹಾಗೆ ಕಡ್ಡಿಯ ಹೊರಮೈಗೆ ನೆಡುತ್ತಾರೆ, ಇಲ್ಲ ರಕ್ತದಲ್ಲಿರುವ ಅಲ್ಬುಮಿನ್ ಪ್ರೋಟೀನು ಹೊದೆಸುತ್ತಾರೆ. ಎರಡನೇ ಸಲ ಕೊಟ್ಟಾಗ ಮೈಯಲ್ಲಿ ಪ್ರತಿಕಾಯ ತಯಾರಿರುತ್ತದೆ, ಅದು ಇನ್ನೊಂದು ತಲೆನೋವು. ಕೆಲವರು ಇದನ್ನೇ ತಿರುಗಿಸಿ ಬಳಸಿದ್ದಾರೆ. ಅಲಸಂಡೆಯ ಸಿಪಿಎಂವಿಯನ್ನು ಔಷಧಿ ಏನೂ ತುಂಬದೆ ಗೆಡ್ಡೆಗೇ ಚುಚ್ಚಿ, ಅಲ್ಲಿಗೆ ರೋಗನಿರೋಧಕ ಜೀವಕೋಶಗಳನ್ನು ಕರೆಸುವುದು. ನಾಯಿಗಳಿಗೆ ತಾನಾಗಿ ಬಂದ ಗೆಡ್ಡೆಗಳಲ್ಲಿ ಇದನ್ನು ನೋಡಿದ್ದಾರೆ. ನನಗೆ ಈ ದಾರಿಯ ಮೇಲೆ ನಂಬಿಕೆ ಜಾಸ್ತಿ, ನನ್ನ ಕೆಲಸ ಬೇರೆಯಾದರೂ.

ಪ್ರಾಣಿಗೆ ಕೊಡುವ ಹಂತಕ್ಕೆ ಬಂದರೆ ವೈರಸ್‌ನ ಆರ್‌ಎನ್‌ಎಯನ್ನು ಅಲ್ಟ್ರಾವಯೊಲೆಟ್ ಬೆಳಕಿನಿಂದ ಕೆಡಿಸುವುದು ಒಳ್ಳೆಯದು. ನಮಗಲ್ಲ, ಊರಿನ ಟೊಮೆಟೊಗೆ ತಾಗದಿರಲಿ ಅಂತ. ಕೆಟ್ಟಿದೆಯಾ ನೋಡಲು 1929ರಲ್ಲಿ ಹೋಮ್ಸ್ ಅನ್ನುವ ವಿಜ್ಞಾನಿ ತೋರಿಸಿದ ದಾರಿಯೇ ಇವತ್ತಿಗೂ ಅಗ್ಗ. ನಿಕೋಟಿಯಾನ ಗ್ಲುಟಿನೋಸ ಅನ್ನುವ ಗಿಡದ ಎಲೆಗೆ ಉಜ್ಜಿ. ವೈರಸ್ ಬದುಕಿದ್ದರೆ ಎರಡು ಮೂರು ದಿನದಲ್ಲಿ ಚುಕ್ಕಿ ಚುಕ್ಕಿ ಸುಟ್ಟ ಹಾಗೆ ಏಳುತ್ತದೆ, ಎಣಿಸಬಹುದು. ಚುಕ್ಕಿ ಇಲ್ಲದಿದ್ದರೆ ಸರಿ. ಪಕ್ಕದ ಎಲೆಗೆ ಬದುಕಿರುವ ವೈರಸ್ ಹಚ್ಚಿ ಚುಕ್ಕಿ ಬರುವುದನ್ನೂ ನೋಡಿಕೊಳ್ಳಿ, ಇಲ್ಲದಿದ್ದರೆ ಗಿಡವೇ ಸರಿ ಇಲ್ಲವೇನೋ ಯಾರಿಗೆ ಗೊತ್ತು.

ಒಂದು ಮಾತು ಈ ಕೆಲಸಕ್ಕೆ ಬರುವ ಎಲ್ಲರಿಗೂ. ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದ ಒಬ್ಬರಿಗೆ ಎದೆಯಲ್ಲಿ ಗೆಡ್ಡೆ ಬಂತು. ಅವರು ಮನೆಗೆ ಬಂದು, "ನೀನು ಮಾಡುವ ಮದ್ದು ನನಗೆ ಆಗ್ತದಾ ಮಗಾ?" ಅಂತ ಕೇಳಿದರು. ನನ್ನ ಪೋಸ್ಟರುಗಳಲ್ಲಿ "ಭವಿಷ್ಯದ ಚಿಕಿತ್ಸೆ" ಅಂತ ದೊಡ್ಡದಾಗಿ ಬರೆದಿದ್ದೆ. ಅವರಿಗೆ ಹೇಳಬೇಕಾದದ್ದು ಮಾತ್ರ ಬೇರೆ. ಗಿಡದ ವೈರಸ್‌ನಲ್ಲಿ ತುಂಬಿದ ಕ್ಯಾನ್ಸರ್ ಔಷಧಿ ಇನ್ನೂ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ನಾನು ಮಾಡುವುದು ಟ್ಯೂಬಿನಲ್ಲಿ ಮತ್ತು ತಟ್ಟೆಯಲ್ಲಿ ಬೆಳೆಸಿದ ಜೀವಕೋಶದಲ್ಲಿ ಮಾತ್ರ, ಡಾಕ್ಟರು ಬರೆದ ಮದ್ದು ಒಂದು ದಿನವೂ ತಪ್ಪಿಸಬೇಡಿ ಅಂತ ಹೇಳಿದೆ. ತಲೆ ಆಡಿಸಿದರು. ಕೀಮೋಥೆರಪಿಗೆ ಹೋಗುತ್ತಿದ್ದಾರೆ. ನಿಮ್ಮನ್ನೂ ಯಾರಾದರೂ ಕೇಳುತ್ತಾರೆ, ಉತ್ತರ ತಯಾರಿಟ್ಟುಕೊಳ್ಳಿ.

ಕಸದ ವಿಷಯ ಮರೆತಿದ್ದೆ. ಎಲೆ, ಮಣ್ಣು, ಕುಂಡ, ಕೈಗವಸು ಎಲ್ಲ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಆಗಬೇಕು. ಟಿಎಂವಿ ಸುಲಭಕ್ಕೆ ಸಾಯುವ ಜಾತಿ ಅಲ್ಲ, ಗೊಬ್ಬರದ ಗುಂಡಿಗೆ ಎಸೆಯಬೇಡಿ. ಮೈಟೊಕ್ಸಾಂಟ್ರೋನ್ ತಾಗಿದ್ದು ಮಾತ್ರ ಆಟೋಕ್ಲೇವಿಗೆ ಬೇಡ. ಅದಕ್ಕೆ ಬೇರೆ ಡಬ್ಬಿ, ಅದು ಸುಡಲು ಹೋಗುವ ಕ್ಯಾನ್ಸರ್ ಔಷಧಿಯ ಕಸ. ಡಬ್ಬಿಯ ಮೇಲೆ ಔಷಧಿಯ ಹೆಸರು, ತಾರೀಕು, ನಿಮ್ಮ ಹೆಸರು ಬರೆಯಿರಿ.

ಮನೆಯಲ್ಲಿ ಈಗ ಅಮ್ಮ ಹೊಸ ಮೆಣಸಿನ ಗಿಡ ನೆಟ್ಟಿದ್ದಾರೆ. ಶನಿವಾರ ಹೋದರೆ ಬಾವಿಕಟ್ಟೆಯ ಹತ್ತಿರ ಸೋಪು, ಒಂದು ಚೊಂಬು ಹಾಲಿನ ಪುಡಿಯ ನೀರು, ಬದಲಿಸಲು ನೈಟಿ ಇಟ್ಟಿರುತ್ತಾರೆ. ಅದು ಆದ ಮೇಲೆಯೇ ಜಗಲಿ ಹತ್ತಲು ಬಿಡುವುದು.